ರಾಮನ್ ಅವರ ಲ್ಯಾಬು ನಮ್ಮ ಅಡುಗೆಮನೆಯಲ್ಲಿ

ಸಿ.ವಿ. ರಾಮನ್ ಅಂದ ತಕ್ಷಣ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗೋದು ಎರಡು ಮಾರ್ಕಿನ ಒಂದು ಪ್ರಶ್ನೆ. ರಾಮನ್ ಪರಿಣಾಮ ಎಂದರೇನು? ಉತ್ತರ ಎರಡು ಸಾಲು. ಅದನ್ನು ಬಾಯಿಪಾಠ ಮಾಡಿ, ಬರೆದು, ಮರೆತು ಬಂದವರು ನಾವೆಲ್ಲ. ಆದರೆ ಪೇಟ ಸುತ್ತಿಕೊಂಡು, ಕೋಟು ಹಾಕಿಕೊಂಡು ಫೋಟೋದಲ್ಲಿ ನಿಂತಿರುವ ಈ ಮನುಷ್ಯ ಜೀವನಪೂರ್ತಿ ಯಾವುದರ ಮೇಲೆ ಕೆಲಸ ಮಾಡಿದರು ಅಂತ ಪಟ್ಟಿ ನೋಡಿದರೆ ಆಶ್ಚರ್ಯ ಆಗುತ್ತದೆ. ಪಿಟೀಲು, ತಬಲಾ, ಸಮುದ್ರದ ನೀರು, ಹಕ್ಕಿಯ ಪುಕ್ಕ, ಮುತ್ತಿನ ಚಿಪ್ಪು, ಗುಲಾಬಿ ಹೂವಿನ ಬಣ್ಣ. ಇದರಲ್ಲಿ ಅರ್ಧ ನಮ್ಮ ಮನೆಯಲ್ಲೇ ಇರುವ ವಸ್ತುಗಳು.

ಅದಕ್ಕೇ ಈ ಸಲ ಅವರ ಜೀವನವನ್ನು ಪ್ರಯೋಗಗಳ ಜೊತೆ ಸೇರಿಸಿ ಹೇಳೋಣ ಅಂತ ಮಾಡಿದ್ದೇವೆ. ಇಲ್ಲಿ ಬರುವ ಪ್ರಯೋಗಗಳನ್ನೆಲ್ಲ ರಜೆಯಲ್ಲಿ ಮಹಾಗಾಂವದ ಮಕ್ಕಳ ಜೊತೆ ಕೂತು ಮಾಡಿ ನೋಡಿದ್ದೇವೆ. ಕಲಬುರಗಿಯಿಂದ ಹುಮನಾಬಾದ್ ರೋಡು ಹಿಡಿದು ಹೋದರೆ ಕಮಲಾಪುರಕ್ಕಿಂತ ಮೊದಲು ಮಹಾಗಾಂವ ಕ್ರಾಸ್ ಸಿಗುತ್ತದಲ್ಲ, ಅದೇ ಊರು. ಬೇಕಾದ ಸಾಮಾನೆಲ್ಲ ಅಲ್ಲಿನ ಮನೆಗಳಲ್ಲಿ, ಅಂಗಡಿಗಳಲ್ಲಿ ಸಿಕ್ಕಿತು. ಒಂದೇ ಷರತ್ತು: ಯಾವ ಪ್ರಯೋಗದಲ್ಲೂ ಸೂರ್ಯನನ್ನು ನೇರವಾಗಿ ನೋಡಬಾರದು, ಕಣ್ಣಿಗೆ ಕನ್ನಡಿಯ ಬಿಸಿಲು ಹೊಡೆಯಬಾರದು.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಅಪ್ಪ ಚಂದ್ರಶೇಖರ ಅಯ್ಯರ್ ಮೇಷ್ಟ್ರು. ಆಮೇಲೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರ ಕಲಿಸಿದವರು. ಪಿಟೀಲು ಬಾರಿಸುತ್ತಿದ್ದರು. ಮನೆ ತುಂಬಾ ಪುಸ್ತಕ. ಹುಡುಗ ಓದಿನಲ್ಲಿ ಎಷ್ಟು ಚುರುಕು ಅಂದರೆ 11ನೇ ವಯಸ್ಸಿಗೇ ಮೆಟ್ರಿಕ್ ಮುಗಿಸಿದ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ಕ್ಕೆ ಬಿ.ಎ., 1907ಕ್ಕೆ ಎಂ.ಎ. ನಾವು ಸಿಇಟಿ ಕೌನ್ಸೆಲಿಂಗ್‌ನಲ್ಲಿ ಯಾವ ಬ್ರಾಂಚು ಅಂತ ತಲೆ ಕೆಡಿಸಿಕೊಳ್ಳುವ ವಯಸ್ಸಿಗೆ ಅವರ ಮೊದಲ ಪ್ರಬಂಧ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಅಚ್ಚಾಗಿತ್ತು. 1906ರ ನವೆಂಬರ್, ಅವರಿಗೆ ಆಗ ಹದಿನೆಂಟು.

ಆ ಪ್ರಬಂಧದ ವಿಷಯವೂ ಹೊಸ ಮಷೀನಿನಿಂದ ಬಂದದ್ದಲ್ಲ. ಕಾಲೇಜಿನ ಸ್ಪೆಕ್ಟ್ರೋಮೀಟರ್, ನಾವೂ ಲ್ಯಾಬಿನಲ್ಲಿ ಮುಟ್ಟಿರುವಂಥದ್ದೇ. ಇಕ್ಕಟ್ಟಾದ ಸಂದಿಯಿಂದ ಓರೆಯಾಗಿ ಬರುವ ಬೆಳಕು ಮೂಡಿಸುವ ಪಟ್ಟೆಗಳು ಎರಡೂ ಕಡೆ ಒಂದೇ ಅಗಲ ಇರೋದಿಲ್ಲ ಅನ್ನೋದನ್ನು ಅವರು ಗಮನಿಸಿದರು. ಎಲ್ಲರೂ ರೀಡಿಂಗ್ ತಗೊಂಡು ಹೋಗುವ ಜಾಗದಲ್ಲಿ ಇವರು ನಿಂತು ನೋಡಿದರು, ಅಷ್ಟೇ.

ಆ ಪಟ್ಟೆಗಳು ಹೇಗಿರುತ್ತವೆ ಅಂತ ಈಗಲೇ ನೋಡಬಹುದು. ತೋರುಬೆರಳು, ನಡುಬೆರಳು ಎರಡನ್ನೂ ಹತ್ತಿರ ತಂದು ನಡುವೆ ಕೂದಲೆಳೆಯಷ್ಟು ಸಂದಿ ಬಿಡಿ. ಅದನ್ನು ಕಣ್ಣಿನ ಹತ್ತಿರ ಹಿಡಿದು ಟ್ಯೂಬ್‌ಲೈಟ್ ಕಡೆ ನೋಡಿ. ಸಂದಿಯೊಳಗೆ ಸಣ್ಣ ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ. ಅದು ಬೆರಳಿನ ಕೊಳೆ ಅಲ್ಲ! ಬೆಳಕು ಅಲೆ, ಇಕ್ಕಟ್ಟಿನಲ್ಲಿ ಹಾಯುವಾಗ ಅದು ಹರಡಿಕೊಂಡು ಒಂದು ಕಡೆ ಕೂಡುತ್ತದೆ, ಒಂದು ಕಡೆ ಕಳೆಯುತ್ತದೆ. ಮಕ್ಕಳಿಗೆ ಇದು ಬಹಳ ಸೇರಿತು, ಯಾಕಂದ್ರೆ ಸಾಮಾನೇ ಬೇಡ.

ಇಷ್ಟು ಜಾಣ ಹುಡುಗ ವಿಜ್ಞಾನಿ ಆಗಬೇಕಿತ್ತು. ಆದರೆ ಆಗಿನ ಕಾಲಕ್ಕೆ ವಿಜ್ಞಾನದ ನೌಕರಿ ಅನ್ನೋದೇ ನಮ್ಮ ದೇಶದಲ್ಲಿ ಇರಲಿಲ್ಲ ಅನ್ನಬಹುದು. ಇಂಗ್ಲೆಂಡಿಗೆ ಹೋಗೋಣ ಅಂದರೆ ಆ ಥಂಡಿ ಇವರ ಮೈಗೆ ಆಗಿಬರಲ್ಲ ಅಂತ ಡಾಕ್ಟರು ತಡೆದರು. ಕೊನೆಗೆ ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಪಾಸಾದರು. ಅದೇ 1907ರಲ್ಲಿ ಲೋಕಸುಂದರಿ ಅವರ ಜೊತೆ ಮದುವೆ, ಕಲ್ಕತ್ತಾದಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಹುದ್ದೆ. ಒಳ್ಳೆ ಸಂಬಳ, ಗಟ್ಟಿ ನೌಕರಿ. ನಮ್ಮ ಮನೆಯವರಾದರೆ ಇಲ್ಲಿಗೆ ಕಥೆ ಮುಗಿಯಿತು ಅಂತ ಸಿಹಿ ಹಂಚುತ್ತಿದ್ದರು.

ಕಥೆ ಮುಗಿಯದೇ ಇದ್ದದ್ದು ಒಂದು ಬೋರ್ಡಿನಿಂದ. ಒಂದು ದಿನ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡದ ಮೇಲೆ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಅನ್ನುವ ಬೋರ್ಡು ಅವರ ಕಣ್ಣಿಗೆ ಬಿತ್ತು. ಹೋಗಿ ಬಾಗಿಲು ತಟ್ಟಿದರು. ಅಲ್ಲಿದ್ದ ಆಶುತೋಷ್ ಡೇ ಬಾಗಿಲು ತೆರೆದರು.

ಈ ಕಟ್ಟಡದ ಹಿಂದೆ ಇನ್ನೊಬ್ಬರ ಕಥೆ ಇದೆ, ಅದನ್ನು ಹೇಳದೆ ಮುಂದೆ ಹೋಗೋಕೆ ನಮಗೆ ಮನಸ್ಸಿಲ್ಲ. ಮಹೇಂದ್ರಲಾಲ್ ಸರ್ಕಾರ್ ಅಂತ ಕಲ್ಕತ್ತಾದ ಒಬ್ಬ ಡಾಕ್ಟರು. ಭಾರತೀಯರು ತಮ್ಮದೇ ಲ್ಯಾಬಿನಲ್ಲಿ ಸ್ವತಂತ್ರವಾಗಿ ಸಂಶೋಧನೆ ಮಾಡಬೇಕು ಅಂತ ಊರೆಲ್ಲ ತಿರುಗಿ ಚಂದಾ ಎತ್ತಿ 1876ರಲ್ಲಿ ಇದನ್ನು ಕಟ್ಟಿದರು. ಉಪನ್ಯಾಸಗಳು ನಡೆದವು, ಸಾಮಾನು ಬಂತು. ಆದರೆ ದಿನಾ ಬಂದು ಕೂತು ಸಂಶೋಧನೆ ಮಾಡುವವರು ಹೆಚ್ಚು ಯಾರೂ ಬರಲಿಲ್ಲ. 1904ರಲ್ಲಿ ಅವರು ತೀರಿಕೊಂಡಾಗ ಆ ಕೊರಗು ಹಾಗೇ ಉಳಿದಿತ್ತು. ಮೂರು ವರ್ಷ ಆದ ಮೇಲೆ ಟ್ರಾಮಿನಿಂದ ಇಳಿದು ಒಬ್ಬ ಅಕೌಂಟ್ಸ್ ಆಫೀಸರ್ ಬಂದ. ಸರ್ಕಾರ್ ಅವರ ಮಗ ಅಮೃತಲಾಲ್ ಆಗ ಕಾರ್ಯದರ್ಶಿ. ಅವರು ಲ್ಯಾಬನ್ನು ಈ ಹುಡುಗನಿಗೆ ಬಿಟ್ಟುಕೊಟ್ಟರು. ಡಿಗ್ರಿ ಏನು, ಪ್ರಾಜೆಕ್ಟ್ ಪ್ರಪೋಸಲ್ ಎಲ್ಲಿ ಅಂತ ತಕರಾರು ಮಾಡಲಿಲ್ಲ.

ಮುಂದಿನ ಹತ್ತು ವರ್ಷ ರಾಮನ್ ಅವರ ಟೈಮ್‌ಟೇಬಲ್ ಹೀಗಿತ್ತು: ಬೆಳಕು ಹರಿಯುವ ಮೊದಲೇ ಲ್ಯಾಬು, ಆಮೇಲೆ ಮನೆಗೆ ಬಂದು ಗಡಿಬಿಡಿಯಲ್ಲಿ ಊಟ, ಆಫೀಸು, ಸಂಜೆ ಆಫೀಸು ಬಿಟ್ಟ ಮೇಲೆ ಮತ್ತೆ ಲ್ಯಾಬು, ರಾತ್ರಿ ತಡವಾಗಿ ಮನೆ. ಭಾನುವಾರವೂ ಅಲ್ಲೇ. ನಡುವೆ ರಂಗೂನಿಗೆ, ನಾಗಪುರಕ್ಕೆ ವರ್ಗ ಆಯಿತು. 1911ಕ್ಕೆ ಕಲ್ಕತ್ತಾಕ್ಕೆ ವಾಪಸು ಬಂದ ಮೇಲೆ ಅಸೋಸಿಯೇಷನ್ನಿನ ಪಕ್ಕದ ಮನೆಯನ್ನೇ ಹಿಡಿದು, ಮನೆಯಿಂದ ಲ್ಯಾಬಿಗೆ ನೇರ ಬಾಗಿಲು ಮಾಡಿಸಿಕೊಂಡರು. ಲೋಕಸುಂದರಿ ಅಮ್ಮನವರಿಗೆ ಇದು ಹೇಗನಿಸಿತ್ತೋ!

ಆ ಹೊತ್ತಿನಲ್ಲಿ ಹೆಚ್ಚು ಕೆಲಸ ನಡೆದದ್ದು ಶಬ್ದದ ಮೇಲೆ. ತಬಲಾ, ಮೃದಂಗ ಯಾಕೆ ಸ್ವರ ಹಿಡಿಯುತ್ತವೆ ಅನ್ನೋದು ಅವರ ಪ್ರಶ್ನೆ. ನಮ್ಮ ಕಡೆ ಹಲಗಿ ಕೇಳಿ, ಆಮೇಲೆ ಭಜನಿಯಲ್ಲಿ ತಬಲಾ ಕೇಳಿ. ಹಲಗಿಯ ಶಬ್ದಕ್ಕೆ ಜೋರಿದೆ, ತಾಳ ಇದೆ, ಆದರೆ ಹಾರ್ಮೋನಿಯಂ ಜೊತೆ ಶ್ರುತಿ ಮಾಡಲಿಕ್ಕೆ ಬರಲ್ಲ. ತಬಲಾಕ್ಕೆ ಬರುತ್ತದೆ. ಸಾದಾ ಚರ್ಮ ಬಡಿದಾಗ ಹುಟ್ಟುವ ಕಂಪನಗಳು ಒಂದಕ್ಕೊಂದು ಲೆಕ್ಕಕ್ಕೆ ಕೂಡೋದಿಲ್ಲ, ಹಾಗಾಗಿ ಸ್ವರದ ಬದಲು ಬರೀ ಸದ್ದು. ತಬಲಾದ ನಡುವೆ ಹಚ್ಚಿದ ಕಪ್ಪು ಕರಣೆ ಚರ್ಮದ ತೂಕವನ್ನು ಹಂಚಿ ಆ ಕಂಪನಗಳನ್ನು 1, 2, 3, 4, 5 ಎಂಬ ಲೆಕ್ಕಕ್ಕೆ ತರುತ್ತದೆ, ತಂತಿ ವಾದ್ಯದಲ್ಲಿ ಇರುವ ಹಾಗೆ. 1920ರಲ್ಲಿ ಇದರ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಬರೆದರು. ಚರ್ಮ ಯಾವ ಜಾಗದಲ್ಲಿ ಅಲುಗುತ್ತದೆ, ಯಾವ ಜಾಗದಲ್ಲಿ ಸುಮ್ಮನಿರುತ್ತದೆ ಅಂತ ನೋಡೋಕೆ ಬಳಸಿದ್ದು ಸಣ್ಣ ಮರಳು. ಅಲುಗುವ ಜಾಗದಿಂದ ಮರಳು ಹಾರಿ, ಅಲುಗದ ಗೆರೆಯ ಮೇಲೆ ಬಂದು ಕೂಡುತ್ತದೆ. ಈ ಕರಣೆಯನ್ನು ಯಾವಾಗಲೋ ಕಂಡುಹಿಡಿದ ಕುಶಲಕರ್ಮಿಗಳ ಬಗ್ಗೆ ರಾಮನ್ ಅವರಿಗೆ ಬಹಳ ಗೌರವ ಇತ್ತು.

ಮನೆಯಲ್ಲಿ ಮಾಡಲಿಕ್ಕೆ ಒಂದು ಪಾತೇಲಿ ಸಾಕು. ಅದರ ಬಾಯಿಗೆ ಕತ್ತರಿಸಿದ ದೊಡ್ಡ ಬಲೂನನ್ನು ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಮೇಲೆ ಸ್ವಲ್ಪ ಸಣ್ಣ ರವಾ ಉದುರಿಸಿ. ಈಗ ಬಾಯಿ ಹತ್ತಿರ ತಂದು ಊದದೆ, ಜೋರಾಗಿ ಊ ಅಂತ ಸ್ವರ ಎಳೆಯಿರಿ. ಸ್ವರ ಏರಿಸುತ್ತಾ ಇಳಿಸುತ್ತಾ ಹೋದರೆ ಯಾವುದೋ ಒಂದು ಶ್ರುತಿಗೆ ರವಾ ಒಮ್ಮೆಲೇ ಕುಣಿಯಲಿಕ್ಕೆ ಶುರು ಮಾಡಿ ಗೆರೆ ಕಟ್ಟುತ್ತದೆ. ಆಮೇಲೆ ಬಲೂನಿನ ನಡುವೆ ಕಲಸಿದ ಹಿಟ್ಟಿನ ಸಣ್ಣ ಬಿಲ್ಲೆ ಅಂಟಿಸಿ ಮತ್ತೆ ಹಾಡಿ ನೋಡಿ. ಕುಣಿಯುವ ಶ್ರುತಿಯೇ ಬದಲಾಗುತ್ತದೆ. ಮಹಾಗಾಂವದಲ್ಲಿ ಇದನ್ನು ಮಾಡಿದ ದಿನ ನಮ್ಮ ಗಂಟಲು ಕೂತು, ಓಣಿಯ ನಾಯಿಗಳೂ ಸೇರಿಕೊಂಡವು.

1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಆಶುತೋಷ್ ಮುಖರ್ಜಿ ಅವರು ಪಾಲಿತ್ ಪ್ರೊಫೆಸರ್ ಹುದ್ದೆ ಕೊಟ್ಟರು. ಸಂಬಳ ಅರ್ಧದಷ್ಟಕ್ಕೆ ಇಳಿಯುತ್ತಿತ್ತು. ರಾಮನ್ ನೌಕರಿ ಬಿಟ್ಟು ಬಂದರು.

1921ರಲ್ಲಿ ಮೊದಲ ಸಲ ವಿದೇಶಕ್ಕೆ ಹೋದರು, ಆಕ್ಸ್‌ಫರ್ಡಿನ ಒಂದು ಸಮ್ಮೇಳನಕ್ಕೆ. ವಾಪಸು ಬರುವಾಗ ನರ್ಕುಂಡಾ ಅನ್ನುವ ಹಡಗಿನಿಂದ ಮೆಡಿಟರೇನಿಯನ್ ಸಮುದ್ರದ ಕಡು ನೀಲಿ ಕಂಡಿತು. ಸಮುದ್ರ ನೀಲಿ ಕಾಣೋದು ಆಕಾಶದ ಪ್ರತಿಬಿಂಬದಿಂದ ಅಂತ ಲಾರ್ಡ್ ರ‍್ಯಾಲೆ ಹೇಳಿದ್ದರು, ಎಲ್ಲರೂ ಅದನ್ನೇ ಒಪ್ಪಿದ್ದರು. ರಾಮನ್ ಜೇಬಿನಲ್ಲಿ ನಿಕಲ್ ಪ್ರಿಸಂ ಇತ್ತು, ಅಂದರೆ ಬೆಳಕಿನ ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಬಿಡುವ ಒಂದು ಹರಳು. ಅದನ್ನು ಹಿಡಿದು ಸರಿಯಾದ ಕೋನದಲ್ಲಿ ತಿರುಗಿಸಿದರೆ ನೀರಿನ ಮೇಲಿನ ಪ್ರತಿಬಿಂಬ ಅಳಿಸಿಹೋಗುತ್ತದೆ. ಆಕಾಶದ ಪ್ರತಿಬಿಂಬ ಹೋದ ಮೇಲೂ ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಅಂದಮೇಲೆ ಬಣ್ಣ ನೀರಿನದ್ದೇ. ಬೊಂಬಾಯಿ ಮುಟ್ಟಿದ ಕೂಡಲೇ ನೇಚರ್‌ಗೆ ಬರೆದರು. ನೀರಿನ ಅಣುಗಳು ಬೆಳಕನ್ನು ಚದುರಿಸುವುದೇ ಕಾರಣ ಅಂತ ಅವರ ವಾದ. ನೀರು ಕೆಂಪು ಬೆಳಕನ್ನು ಸ್ವಲ್ಪ ಸ್ವಲ್ಪ ಹೀರಿಕೊಳ್ಳುವುದೂ ಇದರಲ್ಲಿ ದೊಡ್ಡ ಕಾರಣ ಅಂತ ಇವತ್ತು ಗೊತ್ತಿದೆ. ಆದರೆ ಬರೀ ಪ್ರತಿಬಿಂಬ ಅಲ್ಲ ಅನ್ನುವ ಮಾತು ಹಾಗೇ ನಿಂತಿದೆ.

ಮಹಾಗಾಂವಕ್ಕೆ ಸಮುದ್ರ ಇಲ್ಲ, ಬಕೇಟು ಇದೆ. ನಿಕಲ್ ಪ್ರಿಸಂ ಬದಲು ಕೆಟ್ಟ ಕ್ಯಾಲ್ಕುಲೇಟರಿನ ಡಿಸ್‌ಪ್ಲೇ ಮೇಲೆ ಅಂಟಿಸಿರುವ ತೆಳು ಹಾಳೆಯನ್ನು ಮೆತ್ತಗೆ ಬಿಡಿಸಿಕೊಳ್ಳಿ, ಅದೂ ಅದೇ ಕೆಲಸ ಮಾಡುತ್ತದೆ. ಬಯಲಿನಲ್ಲಿ ನೀರು ತುಂಬಿದ ಬಕೇಟು ಇಟ್ಟು, ಸೂರ್ಯನ ಕಡೆ ಬೆನ್ನು ಮಾಡಿ, ಸ್ವಲ್ಪ ದೂರ ನಿಂತು ಓರೆಯಾಗಿ ನೋಡುತ್ತಾ ಹಾಳೆಯನ್ನು ತಿರುಗಿಸಿ. ಒಂದು ಹಂತದಲ್ಲಿ ನೀರಿನ ಮೇಲಿನ ಆಕಾಶ ಮಾಯವಾಗಿ ಬಕೇಟಿನ ಒಳಗಿದ್ದದ್ದು ಕಾಣುತ್ತದೆ. ನುಣುಪಾದ ಶಹಾಬಾದ್ ಫರ್ಸಿಯ ಮೇಲಿನ ಹೊಳಪೂ ಹಂಗೇ ಆರಿಹೋಗುತ್ತದೆ.

ಚದುರುವ ಬೆಳಕು ನೋಡಬೇಕು ಅಂದರೆ ಇನ್ನೂ ಸುಲಭ. ಕತ್ತಲೆ ಕೋಣೆ, ಗಾಜಿನ ಲೋಟದಲ್ಲಿ ನೀರು, ಎರಡು ಮೂರು ಹನಿ ಹಾಲು, ಮೊಬೈಲ್ ಟಾರ್ಚು. ಬದಿಯಿಂದ ನೋಡಿದರೆ ನೀರು ತೆಳು ನೀಲಿ, ಅದೇ ಆಕಾಶ. ಲೋಟದ ಮೂಲಕ ನೇರ ಟಾರ್ಚಿನ ಕಡೆ ನೋಡಿದರೆ ಬೆಳಕು ಹಳದಿ, ಅದೇ ಸಂಜೆಯ ಸೂರ್ಯ. ಹಾಲು ಹೆಚ್ಚಾದರೆ ಎಲ್ಲ ಬಿಳಿ ಆಗಿ ಕೆಡುತ್ತದೆ, ಹನಿ ಲೆಕ್ಕ ಇರಲಿ.

ಹಡಗಿನಿಂದ ಇಳಿದ ಮೇಲೆ ಏಳು ವರ್ಷ ಇದೇ ಗುಂಗು. ದ್ರವಗಳು ಬೆಳಕನ್ನು ಹೇಗೆ ಚದುರಿಸುತ್ತವೆ? 1923ರಲ್ಲಿ ಅವರ ವಿದ್ಯಾರ್ಥಿ ಕೆ.ಆರ್. ರಾಮನಾಥನ್ ಒಂದು ವಿಚಿತ್ರ ಕಂಡರು: ಚದುರಿದ ಬೆಳಕಿನಲ್ಲಿ ಬಹಳ ಮಸುಕಾಗಿ ಬೇರೊಂದು ಬಣ್ಣ. ದ್ರವದಲ್ಲಿ ಕಸ ಇರಬೇಕು ಅಂದುಕೊಂಡರು. ಮತ್ತೆ ಮತ್ತೆ ಶುದ್ಧ ಮಾಡಿದರೂ ಅದು ಹೋಗಲಿಲ್ಲ. 1928ರ ಆರಂಭದಲ್ಲಿ ವೆಂಕಟೇಶ್ವರನ್ ಅವರಿಗೆ ಗ್ಲಿಸರಿನ್ನಿನಲ್ಲಿ ಹಸಿರು ಛಾಯೆ ಎದ್ದು ಕಂಡಿತು. ರಾಮನ್ ತಮ್ಮ ಶಿಷ್ಯ ಕೆ.ಎಸ್. ಕೃಷ್ಣನ್ ಅವರನ್ನು ಈ ಕೆಲಸಕ್ಕೆ ಕೂಡಿಸಿದರು. ಉಪಾಯ ಇಷ್ಟು: ಬಿಸಿಲನ್ನು ಲೆನ್ಸಿನಿಂದ ಕೂಡಿಸಿ, ನೀಲಿ-ನೇರಳೆ ಬಣ್ಣದ ಗಾಜಿನಿಂದ ಹಾಯಿಸಿ ದ್ರವಕ್ಕೆ ಬಿಡಬೇಕು. ನೋಡುವ ಕಡೆ ಅದಕ್ಕೆ ವಿರುದ್ಧವಾದ ಹಳದಿ-ಹಸಿರು ಗಾಜು ಇಡಬೇಕು. ಎರಡೂ ಗಾಜು ಸೇರಿದರೆ ಕತ್ತಲೆ. ಆದರೂ ಏನಾದರೂ ಕಂಡರೆ ಬೆಳಕು ದ್ರವದೊಳಗೆ ಬಣ್ಣ ಬದಲಿಸಿದೆ ಅಂತ ಅರ್ಥ. ಕಂಡಿತು. ಫೆಬ್ರವರಿ 28ಕ್ಕೆ ಅದು ಖಚಿತವಾಯಿತು.

ಈ ಉಪಾಯವನ್ನು ನಾವು ಡೆಕೊರೇಷನ್ ಅಂಗಡಿಯ ಬಣ್ಣದ ಜಿಲೆಟಿನ್ ಪೇಪರಿನಲ್ಲಿ ಮಾಡಿದೆವು. ಟಾರ್ಚಿಗೆ ನೀಲಿ ಪೇಪರು ನಾಲ್ಕು ಮಡಿಕೆ, ಕಣ್ಣಿಗೆ ಹಳದಿ ಪೇಪರು ನಾಲ್ಕು ಮಡಿಕೆ. ನೇರ ನೋಡಿದರೆ ಹೆಚ್ಚೂ ಕಡಿಮೆ ಕತ್ತಲೆ. ಸಾದಾ ನೀರಿನ ಲೋಟಕ್ಕೆ ನೀಲಿ ಬೆಳಕು ಬಿಟ್ಟರೆ ಹಳದಿ ಪೇಪರಿನಿಂದ ಏನೂ ಕಾಣೋದಿಲ್ಲ. ಹಳದಿ ಹೈಲೈಟರ್ ಪೆನ್ನಿನ ಇಂಕು ಬೆರೆಸಿದ ನೀರು ಇಟ್ಟರೆ ಲೋಟ ದೀಪದ ಹಾಗೆ ಹೊಳೆಯುತ್ತದೆ. ಆದರೆ ಇದು ರಾಮನ್ ಪರಿಣಾಮ ಅಲ್ಲ, ಇದು ಪ್ರತಿದೀಪ್ತಿ. ಇಲ್ಲಿ ಇಂಕಿನ ಅಣು ಬೆಳಕನ್ನು ನುಂಗಿ, ತನ್ನದೇ ಬಣ್ಣದ ಬೆಳಕನ್ನು ಉಗುಳುತ್ತದೆ. ರಾಮನ್ ಕಂಡದ್ದರಲ್ಲಿ ಅಣು ಬೆಳಕಿನಿಂದ ತನ್ನ ಕಂಪನಕ್ಕೆ ಬೇಕಾದಷ್ಟು ಶಕ್ತಿ ಮಾತ್ರ ಕಿತ್ತುಕೊಳ್ಳುತ್ತದೆ, ಅಥವಾ ಕೊಡುತ್ತದೆ. ಅದು ಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದಕ್ಕೆ ಆಗುವ ಸಂಗತಿ, ಅಡುಗೆಮನೆಯಲ್ಲಿ ಕಾಣುವುದಿಲ್ಲ. ಹೊಸ ಬೆಳಕು ಧ್ರುವೀಕರಣಗೊಂಡಿರುವುದನ್ನು ನೋಡಿಯೇ ಅವರು ಇದು ಮಾಮೂಲಿ ಪ್ರತಿದೀಪ್ತಿ ಅಲ್ಲ ಅಂತ ತೀರ್ಮಾನಿಸಿದರು.

ಹದಿನೇಳು ದಿನ ಕಳೆದು, 1928ರ ಮಾರ್ಚ್ 16ರಂದು ಅವರು ಇದರ ಬಗ್ಗೆ ವಿವರವಾಗಿ ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ. 1930ಕ್ಕೆ ನೊಬೆಲ್ ಬಂತು. ಕೃಷ್ಣನ್ ಅವರಿಗೆ ಅದರಲ್ಲಿ ಪಾಲು ಸಿಗಲಿಲ್ಲ.

ಆ ಉಪಕರಣಗಳಿಗೆ ಆದ ಖರ್ಚು ಬರೀ 200 ರೂಪಾಯಿ ಅಂತ ಎಲ್ಲ ಕಡೆ ಓದುತ್ತೇವೆ. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ ಆದಮೇಲಂತೂ ಭಾಷಣದಲ್ಲಿ ಈ ಮಾತು ತಪ್ಪುವುದೇ ಇಲ್ಲ. ನಮಗೆ ಇದರ ಬಗ್ಗೆ ಸ್ವಲ್ಪ ತಕರಾರು ಇದೆ. 1928ರಲ್ಲಿ 200 ರೂಪಾಯಿ ಚಿಲ್ಲರೆ ದುಡ್ಡಲ್ಲ, ಅದಿರಲಿ. ಚಂದಾ ಎತ್ತಿ ಕಟ್ಟಿದ ಕಟ್ಟಡ, ಇಪ್ಪತ್ತು ವರ್ಷ ತೆರೆದೇ ಇದ್ದ ಬಾಗಿಲು, ಆಶುತೋಷ್ ಡೇ ಅವರ ಕೈಕೆಲಸ, ಪಗಾರದಲ್ಲಿ ಅರ್ಧ ಬಿಟ್ಟುಕೊಟ್ಟದ್ದು, ಇದ್ಯಾವುದೂ ಆ 200ರಲ್ಲಿ ಸೇರಿಲ್ಲ. ಹಳ್ಳಿ ಶಾಲೆಯ ಮಕ್ಕಳ ಮುಂದೆ ಈ ಲೆಕ್ಕ ಹೇಳಿದರೆ ಲ್ಯಾಬ್ ಇಲ್ಲದಿದ್ದರೂ ನಡೆಯುತ್ತದೆ ಅನ್ನುವ ಅರ್ಥ ಬರುತ್ತದೆ. ರವಾ, ಹಾಲು, ಬಲೂನು ಮನೆಯಲ್ಲಿ ಸಿಗುತ್ತವೆ ನಿಜ. ಆದರೆ ಶಾಲೆಯ ಸಾಮಾನಿನ ಬೀರು ಇನ್ಸ್‌ಪೆಕ್ಷನ್ ದಿನ ಮಾತ್ರ ತೆರೆಯುವುದಾದರೆ ರವಾದಿಂದ ಮುಂದಕ್ಕೆ ಹೋಗೋದು ಹೇಗೆ?

ಬಾಗಿಲಿನ ಮಾತು ಬಂತಲ್ಲ, ರಾಮನ್ ಅವರ ಬಗ್ಗೆ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುವ ಒಂದು ಸಂಗತಿ ಇದೆ. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು, ಆ ಹುದ್ದೆಗೆ ಬಂದ ಮೊದಲ ಭಾರತೀಯ. ಅದೇ ವರ್ಷ ಕಮಲಾ ಭಾಗವತ್ ಅನ್ನುವ ವಿದ್ಯಾರ್ಥಿನಿ ಅರ್ಜಿ ಹಾಕಿದರು. ಮಾರ್ಕ್ಸ್ ಎಲ್ಲ ಚೆನ್ನಾಗಿತ್ತು. ಹೆಣ್ಣುಮಗಳು ಅನ್ನುವ ಕಾರಣಕ್ಕೆ ರಾಮನ್ ಸೀಟು ಕೊಡಲಿಲ್ಲ. ಆಕೆ ಬಿಡದೆ ಸತ್ಯಾಗ್ರಹಕ್ಕೆ ಕೂತರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ ಅನ್ನುವ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆ ಒಪ್ಪಿದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಅವರು 1939ರಲ್ಲಿ ಕೇಂಬ್ರಿಡ್ಜಿನಿಂದ ಪಿಎಚ್‌ಡಿ ಪಡೆದರು. ತಟ್ಟಿದ ಕೂಡಲೇ ಬಾಗಿಲು ತೆರೆಸಿಕೊಂಡ ಮನುಷ್ಯ ಇನ್ನೊಬ್ಬರಿಗೆ ಅದನ್ನು ಮುಚ್ಚಿದ್ದು ನಮಗೆ ಓದುವಾಗ ಸಂಕಟ ಆಯಿತು. ನಮ್ಮ ಕ್ಲಬ್ಬಿನ ಹುಡುಗಿಯರಿಗೆ ಸಿಟ್ಟೇ ಬಂತು. 1940ರಲ್ಲಿ ಅನ್ನಾ ಮಣಿ ಅವರು ರಾಮನ್ ಲ್ಯಾಬಿಗೆ ಸೇರಿ ವಜ್ರಗಳ ಮೇಲೆ ಕೆಲಸ ಮಾಡಿದರು; ಮುಂದೆ ದೇಶದ ಹವಾಮಾನ ಉಪಕರಣಗಳನ್ನು ಇಲ್ಲೇ ತಯಾರಿಸುವಂತೆ ಮಾಡಿದವರು ಅವರು.

ಸಂಸ್ಥೆಯೊಳಗೆ ಜಗಳಗಳಾಗಿ 1937ರಲ್ಲಿ ರಾಮನ್ ನಿರ್ದೇಶಕ ಹುದ್ದೆ ಬಿಟ್ಟರು. ಪ್ರೊಫೆಸರ್ ಆಗಿ 1948ರ ತನಕ ಅಲ್ಲೇ ಇದ್ದರು. ವಿಕ್ರಮ್ ಸಾರಾಭಾಯಿ, ಜಿ.ಎನ್. ರಾಮಚಂದ್ರನ್ ಇವರೆಲ್ಲ ಅವರ ಕೈಕೆಳಗೆ ಕಲಿತವರು.

ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲೇ, ಮೈಸೂರು ಸರ್ಕಾರ ಹಿಂದೆಯೇ ಕೊಟ್ಟಿದ್ದ ಜಾಗದಲ್ಲಿ ಸ್ವಂತ ಸಂಸ್ಥೆ ಕಟ್ಟಿದರು, ಅದೇ ಇವತ್ತಿನ ರಾಮನ್ ಸಂಶೋಧನಾ ಸಂಸ್ಥೆ. ಶುರುವಿನಲ್ಲಿ ಅಲ್ಲಿಗೆ ಕರೆಂಟೇ ಬಂದಿರಲಿಲ್ಲ. ಕನ್ನಡಿಯಿಂದ ಬಿಸಿಲನ್ನು ಒಳಗೆ ಹಾಯಿಸಿ, ಸೂರ್ಯ ಸರಿದ ಹಾಗೆ ಕೈಯಲ್ಲೇ ಕನ್ನಡಿ ತಿರುಗಿಸುತ್ತಾ ಕೆಲಸ ನಡೆಸಿದರು. ನೊಬೆಲ್ ಬಂದವರು, ವಯಸ್ಸು ಅರವತ್ತು!

ನಮ್ಮ ಕಲಬುರಗಿ ಕಡೆ ಬೇರೆ ಯಾವುದಕ್ಕೆ ಬರ ಇದ್ದರೂ ಬಿಸಿಲಿಗೆ ಬರ ಇಲ್ಲ. ರೊಟ್ಟಿ ಹಿಟ್ಟು ಕಲಸುವ ಪರಾತದಲ್ಲಿ ನೀರು ತುಂಬಿ ಬಾಗಿಲಲ್ಲಿ ಇಡಿ. ಒಂದು ಕನ್ನಡಿಯನ್ನು ಅದರಲ್ಲಿ ಅರ್ಧ ಮುಳುಗುವಂತೆ ಓರೆಯಾಗಿ ನಿಲ್ಲಿಸಿ, ಬಿಸಿಲು ನೀರಿನೊಳಗಿನ ಕನ್ನಡಿಗೆ ಬಿದ್ದು ಒಳಗಿನ ಗೋಡೆಗೆ ಹೊಡೆಯುವ ಹಾಗೆ ಹೊಂದಿಸಿ. ಗೋಡೆ ಮೇಲೆ ಕಾಮನಬಿಲ್ಲು ಬೀಳುತ್ತದೆ. ನೀರು ಅಲುಗದಂತೆ ಒಂದು ನಿಮಿಷ ಸುಮ್ಮನಿರಬೇಕು, ಮಕ್ಕಳಿಗೆ ಅದೇ ಕಷ್ಟ. ಈಗ ಆ ಬಣ್ಣಗಳ ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣು ಹಿಡಿದು ನಿಧಾನ ಸರಿಸಿ. ಕೆಂಪು ಪಟ್ಟೆಯಲ್ಲಿ ಸಿಪ್ಪೆ ಹೊಳೆಯುತ್ತದೆ, ಹಸಿರು-ನೀಲಿ ಪಟ್ಟೆಗೆ ಬಂದಾಗ ಕಪ್ಪಗಾಗುತ್ತದೆ. ಸಿಪ್ಪೆ ಬಣ್ಣ ಕೊಡುವುದಿಲ್ಲ, ಉಳಿದ ಬಣ್ಣಗಳನ್ನು ನುಂಗುತ್ತದೆ. ರಾಮನ್ ಕೂಡ ಕೊನೆಯ ವರ್ಷಗಳಲ್ಲಿ ತಮ್ಮ ತೋಟದ ಹೂಗಳನ್ನು ಹೀಗೇ ಸ್ಪೆಕ್ಟ್ರೋಸ್ಕೋಪಿನಲ್ಲಿ ನೋಡುತ್ತಾ, ನಮ್ಮ ಕಣ್ಣಿಗೆ ಬಣ್ಣ ಹೇಗೆ ಗೊತ್ತಾಗುತ್ತದೆ ಅನ್ನುವುದರ ಮೇಲೆ ಕೆಲಸ ಮಾಡಿದರು.

1954ರಲ್ಲಿ ಭಾರತ ರತ್ನ ಬಂತು. ಸರ್ಕಾರದ ದುಡ್ಡು ತಗೊಂಡರೆ ಸರ್ಕಾರದ ಮಾತು ಕೇಳಬೇಕಾಗುತ್ತದೆ ಅಂತ ತಮ್ಮ ಸಂಸ್ಥೆಗೆ ಅದನ್ನು ದೂರವೇ ಇಟ್ಟರು. ದೊಡ್ಡವರ ಜೊತೆ ಅವರದ್ದು ಯಾವಾಗಲೂ ಜಗಳವೇ. ಶಾಲೆ ಮಕ್ಕಳು ಬಂದರೆ ಮಾತ್ರ ಖುಷಿ, ತಾವು ಕೂಡಿಸಿದ್ದ ವಜ್ರ, ಹರಳು, ಕತ್ತಲೆಯಲ್ಲಿ ಹೊಳೆಯುವ ಕಲ್ಲುಗಳನ್ನೆಲ್ಲ ತಾವೇ ತೋರಿಸುತ್ತಿದ್ದರು. 1968ರಲ್ಲಿ, ಎಂಬತ್ತನೇ ವಯಸ್ಸಿನಲ್ಲಿ, ಅಹಮದಾಬಾದಿಗೆ ಹೋಗಿ ಆಕಾಶ ಯಾಕೆ ನೀಲಿ ಅನ್ನುವುದರ ಬಗ್ಗೆ ಉಪನ್ಯಾಸ ಕೊಟ್ಟರು. ಅಲ್ಲಿ ಸಾರಾಭಾಯಿ ಅವರು ಮಕ್ಕಳಿಗಾಗಿ, ಮೇಷ್ಟ್ರುಗಳಿಗಾಗಿ ಒಂದು ವಿಜ್ಞಾನ ಕೇಂದ್ರ ಶುರು ಮಾಡುತ್ತಿದ್ದರು.

ಪ್ರತಿ ವರ್ಷ ಅಕ್ಟೋಬರ್ 2ಕ್ಕೆ ಗಾಂಧಿ ಸ್ಮಾರಕ ಉಪನ್ಯಾಸ ಕೊಡುವ ಪದ್ಧತಿ ಇಟ್ಟುಕೊಂಡಿದ್ದರು. 1970ರದ್ದು ಕೊನೆಯದು, ಕಿವಿ ಹೇಗೆ ಕೇಳುತ್ತದೆ ಅನ್ನುವ ವಿಷಯ. ಅದಾಗಿ ಎರಡು ತಿಂಗಳೂ ತುಂಬುವ ಮೊದಲೇ, ನವೆಂಬರ್ 21ರಂದು ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ಸಂಸ್ಕಾರ ಮಾಡಿದರು. ಅಲ್ಲಿ ಸಮಾಧಿ ಕಟ್ಟಿಲ್ಲ, ಒಂದು ಮರ ನೆಟ್ಟಿದ್ದಾರೆ.

ಬರುವ ಫೆಬ್ರವರಿ 28ಕ್ಕೆ ಮಹಾಗಾಂವಕ್ಕೆ ಮತ್ತೆ ಹೋಗುತ್ತಿದ್ದೇವೆ. ಮನೆಯಲ್ಲಿ ಕೆಟ್ಟ ಕ್ಯಾಲ್ಕುಲೇಟರು, ಹಳೇ ಸಿಡಿ, ಬೂಟಿನ ಖಾಲಿ ಡಬ್ಬಿ ಇದ್ದವರು ಎಸೆಯದೆ ಕ್ಲಬ್ಬಿನ ರೂಮಿಗೆ ತಂದುಕೊಡಿ. ಬಲೂನು ಬೇಡ, ಸಾಕಷ್ಟು ಉಳಿದಿವೆ.